ಸಲಾಮಿ ಇಲ್ಲದ ಕುಸ್ತಿ

ಕಳೆದ ತಿಂಗಳು ಸವದತ್ತಿಯಿಂದ ಮುನವಳ್ಳಿಗೆ ಬರುವಾಗ ನಮ್ಮ ಬಸ್ಸು ನಡುದಾರಿಯ ಊರೊಂದರಲ್ಲಿ ಪಂಕ್ಚರ್ ಆಗಿ ನಿಂತಿತು. ನಾನು, ನನ್ನ ಗಂಡ, ನಾದಿನಿ ಇಳಿದು ನೆರಳು ಹುಡುಕುತ್ತ ಹೋದರೆ ಎದುರಿಗೇ ಒಂದು ಗರಡಿ ಮನೆ. ಒಳಗೆ ಇಬ್ಬರು ಮುದುಕರು ಕುಸ್ತಿಯ ಕೆಂಪು ಮಣ್ಣನ್ನು ಅಗೆದು ಮಗುಚಿ, ಮಜ್ಜಿಗೆ, ಒಳ್ಳೆಣ್ಣೆ, ಅರಿಸಿನ ಸುರಿದು ಕಲಸುತ್ತಿದ್ದರು. ನಾದಿನಿ ಸೆರಗನ್ನು ಮೂಗಿಗೆ ಹಿಡಿದಳು. ನಾನು ಬಾಗಿಲಿಗೇ ಅಂಟಿ ನಿಂತೆ. ಹುಳಿ, ಎಣ್ಣೆ, ಮಣ್ಣು ಕೂಡಿದ ಆ ವಾಸನೆ... ಜನಕ್ಕೆ ಅದು ಗರಡಿಯ ವಾಸನೆ. ನನಗೆ ನಮ್ಮ ಓಣಿಯ ಆಯಿಯ ಸೀರೆಯ ವಾಸನೆ.

ಸಂಗೊಳ್ಳಿ ಕಡೆಯ ನಮ್ಮ ಊರಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ. ಆಕೆ ನನ್ನ ಸ್ವಂತ ಆಯಿಯಲ್ಲ, ಎದುರು ಮನೆಯವಳು. ಆಕೆಯ ಅಪ್ಪ ಊರ ಗರಡಿಯ ವಸ್ತಾದ, ಅಂದರೆ ಪೈಲವಾನರಿಗೆಲ್ಲ ಗುರು. ಆತನಿಗೆ ಗಂಡುಮಕ್ಕಳಿರಲಿಲ್ಲ. ಹೆಣ್ಣು ಗರಡಿಯ ಹೊಸ್ತಿಲು ದಾಟಬಾರದೆಂಬ ಕಟ್ಟಳೆ ಮುರಿಯುವುದೂ ಆತನಿಂದಾಗಲಿಲ್ಲ. ಅದಕ್ಕೇ ಗರಡಿಯ ಮಣ್ಣನ್ನೇ ಬುಟ್ಟಿಯಲ್ಲಿ ಹೊತ್ತು ತಂದು ದನದ ಕೊಟ್ಟಿಗೆಯಲ್ಲಿ ಸುರಿದು ಮಗಳಿಗೆ ಕಲಿಸಿದ್ದನಂತೆ. ಹೆಣ್ಣು ಹೊಸ್ತಿಲು ದಾಟಬಾರದು ಸರಿ, ಮಣ್ಣು ದಾಟಬಾರದೆಂದು ಯಾರೂ ಹೇಳಿರಲಿಲ್ಲವಲ್ಲ! ಊರಿನವರಿಗೆ ಗೊತ್ತಿತ್ತು; ಗೊತ್ತಿಲ್ಲದವರ ಹಾಗೆ ಇದ್ದರು.

ನಾನಾಗ ಬೈಲಹೊಂಗಲದ ಕಾಲೇಜಿಗೆ ದಿನಾ ಬಸ್ಸಿನಲ್ಲಿ ಹೋಗುತ್ತಿದ್ದೆ. ಅದೇ ಬಸ್ಸಿಗೆ ನಡುವೆ ಒಬ್ಬ ಹತ್ತುತ್ತಿದ್ದ. ಮೀಸೆ ಬಲಿತ ಗಂಡಸು, ಹೆಂಡತಿ ಮಕ್ಕಳಿದ್ದವನು. ಗದ್ದಲದಲ್ಲಿ ನನ್ನ ಮುಂಗೈ ಹಿಡಿದರೆ ಸ್ಟ್ಯಾಂಡು ಬರುವತನಕ ಬಿಡುತ್ತಿರಲಿಲ್ಲ. ಅವ್ವನ ಮುಂದೆ ಅತ್ತೆ. ಅಪ್ಪನ ಕಿವಿಗೆ ಬಿದ್ದರೆ ನಿನ್ನ ಕಾಲೇಜು ಅಲ್ಲಿಗೇ ಮುಗಿಯಿತು, ಬಾಯಿ ಮುಚ್ಚಿಕೊಂಡಿರು ಅಂದಳು. ಅವಳು ಹೇಳಿದ್ದು ಸುಳ್ಳಾಗಿರಲಿಲ್ಲ. ನಮ್ಮ ಓಣಿಯಲ್ಲಿ ಇಬ್ಬರು ಹುಡುಗಿಯರ ಓದು ಇಂಥದ್ದಕ್ಕೇ ನಿಂತಿತ್ತು.

ಒಂದು ಸಂಜೆ ಮಜ್ಜಿಗೆ ಇಸಿದುಕೊಳ್ಳಲು ಹೋದಾಗ ಆಯಿಯ ಕಣ್ಣು ನನ್ನ ಕೈ ಮೇಲೆ ಬಿತ್ತು. ಬಳೆ ಒಡೆದು ಚುಚ್ಚಿದ ಗೀರುಗಳಿದ್ದವು. ಬಾವಿಕಟ್ಟೆ ಹತ್ತಿರ ಬಿದ್ದೆ ಅಂದೆ.

"ಬಾವಿಕಟ್ಟಿಗೆ ಐದು ಬೆರಳು ಇರತಾವೇನ?" ಅಂದಳು.

ಮರುದಿನದಿಂದ ಅದೇ ಕೊಟ್ಟಿಗೆಯ ಮಣ್ಣಿನಲ್ಲಿ ನನ್ನ ಪಾಠ ಸುರುವಾಯಿತು. ಓದು ನಿಂತ ಆ ಇಬ್ಬರೂ ಬಂದು ಸೇರಿಕೊಂಡರು. ಎಮ್ಮೆ ಮೆಲುಕು ಹಾಕುತ್ತ ನಮ್ಮನ್ನೇ ನೋಡುತ್ತಿತ್ತು. ಹಿಡಿದ ಕೈ ಎಷ್ಟೇ ಗಟ್ಟಿಯಿದ್ದರೂ ಹೆಬ್ಬೆರಳಿನ ಕಡೆ ಸಡಿಲ, ಅತ್ತ ತಿರುವಿ ಜಗ್ಗಬೇಕು. ಜಗ್ಗಿದ ರಭಸಕ್ಕೆ ಅವನು ಮುಂದೆ ಮುಗ್ಗರಿಸುತ್ತಾನೆ. ಆಗ ಕಾಲಿಗೆ ಕಾಲು ಕೊಡಬೇಕು. ಆದರೆ ಎಲ್ಲಕ್ಕಿಂತ ಮೊದಲು ಸಲಾಮಿ. ನೆಲ ಮುಟ್ಟಿ ಮಣ್ಣನ್ನು ಹಣೆಗೆ ಹಚ್ಚಿ, ಎದುರಿಗಿದ್ದವಳಿಗೆ ಕೈ ಕೊಟ್ಟು, ಆಮೇಲೆ ಪಟ್ಟು. ಸಲಾಮಿ ತಪ್ಪಿದರೆ ಆಯಿ ಆ ದಿನದ ಆಟವನ್ನೇ ನಿಲ್ಲಿಸುತ್ತಿದ್ದಳು. ತಿಂಗಳುಗಟ್ಟಲೆ ಹೀಗೇ ನಡೆದು, ಸಲಾಮಿ ಮಾಡದೆ ಕೈಕಾಲು ಆಡದಷ್ಟು ಅದು ಮೈಗೆ ಹತ್ತಿತ್ತು.

ಅದೇ ಆದದ್ದು. ಒಂದು ಬೆಳಿಗ್ಗೆ ಬೈಲಹೊಂಗಲದ ಸ್ಟ್ಯಾಂಡಿನಲ್ಲಿ ಇಳಿದ ಕೂಡಲೇ ಅವನು ಮತ್ತೆ ಮುಂಗೈ ಹಿಡಿದ. ನಾನು ನಿಂತೆ. ಇನ್ನೊಂದು ಕೈಯಿಂದ ನೆಲ ಮುಟ್ಟಿದೆ, ಹಣೆಗೆ ಹಚ್ಚಿಕೊಂಡೆ, ಮತ್ತೆ... ಆ ಕೈಯನ್ನು ಅವನ ಮುಂದೆ ಚಾಚಿದೆ! ಸೋತು ಕಾಲಿಗೆ ಬಿದ್ದಳೆಂದು ತಿಳಿದ ಅವನು ಹಲ್ಲು ಕಿರಿದು, ಹಿಡಿದ ಕೈ ಬಿಟ್ಟು ಚಾಚಿದ ಕೈ ಹಿಡಿದ. ಸಲಾಮಿ ಆದಮೇಲೆ ಏನೆಂಬುದು ನನ್ನ ಮೈಗೆ ಗೊತ್ತಿತ್ತು. ಕಣ್ಣು ಮಿಟುಕಿಸುವುದರಲ್ಲಿ ಅವನು ಕಬ್ಬಿನ ಹಾಲಿನ ಗಾಡಿಯ ಪಕ್ಕ, ಸಿಪ್ಪೆಯ ರಾಶಿಯಲ್ಲಿ ಬೆನ್ನಡಿಯಾಗಿ ಬಿದ್ದಿದ್ದ. ಎದ್ದವನು ತಿರುಗಿ ನೋಡದೆ ಹೋದ.

ಕಂಡಕ್ಟರಣ್ಣ ಇಳಿದು ಬಂದು ಕೇಳಿದ: "ಕೆಡವಿದ್ದು ಚಲೋ ಆತು ತಂಗಿ. ಮೊದಲ ಅಂವಗ ನಮಸ್ಕಾರ ಯಾಕ ಮಾಡಿದಿ?"

ಸುದ್ದಿ ನನಗಿಂತ ಮೊದಲೇ ಊರು ಮುಟ್ಟಿತ್ತು. ಸಂಜೆ ನಮ್ಮ ಕಟ್ಟೆಯ ಮೇಲೆ ಹಿರಿಯರು ಕೂತಿದ್ದರು, ಅಪ್ಪ ತಲೆ ತಗ್ಗಿಸಿದ್ದ. ಹುಡುಗಿಯ ಹೆಸರು ಬಸ್‌ಸ್ಟ್ಯಾಂಡಿನ ಪಾಲಾಯಿತು, ನಾಳೆಯಿಂದ ಮನೆಯಲ್ಲಿರಲಿ, ಆ ಮುದುಕಿಯ ಆಟಕ್ಕೂ ಬೀಗ ಹಾಕಿಸಿ ಎಂದು ಒಬ್ಬರಾದಮೇಲೆ ಒಬ್ಬರು ಬುದ್ಧಿ ಹೇಳುತ್ತಿದ್ದರು. ಆಯಿ ಯಾರೂ ಕರೆಯದೆ ಬಂದಳು. ಕೈಗೆ ಸೆಗಣಿ ಇನ್ನೂ ಮೆತ್ತಿತ್ತು.

"ಕೈ ಹಿಡದಾಂವ ಬಜಾರದಾಗ ಅಡ್ಡಾಡ್ಲಿ, ಬಿಡಿಸಿಕೊಂಡಾಕಿ ಮನ್ಯಾಗ ಕುಂದರ್ಲಿ. ಇದು ಯಾವ ನ್ಯಾಯರಿ?" ಅಂದಳು.

ಹಿರಿಯರೊಬ್ಬರು, ಇಂಥವಳನ್ನು ಯಾರು ಲಗ್ನ ಆಗುತ್ತಾರೆಂದು ಕೇಳಿದರು.

"ಕೈ ಸ್ವಚ್ಛ ಇದ್ದಾಂವ ಆಗತಾನ. ಉಳದವರು ಬರಬ್ಯಾಡ್ರಿ. ಕಾಲೇಜ ಬಿಡಸ್ತೀರಿ? ಬಿಡಸ್ರಿ. ನಾಳೆ ಆ ಬಸ್ಸಿನ್ಯಾಗ ನಾ ಹೋಗತೇನಿ, ಇಕಿ ಜಾಗಾದಾಗ ನಾ ಕುಂದರತೇನಿ. ಅಂವಗ ಹೇಳಿ ಕಳಸ್ರಿ."

ಯಾರೋ ನಕ್ಕರು. ಅಪ್ಪ ನಗಲಿಲ್ಲ, ಎದ್ದು ಒಳಗೆ ಹೋದ. ಮರುದಿನ ಬೆಳಿಗ್ಗೆ ನನ್ನ ಬುತ್ತಿಗಂಟಿನ ಮೇಲೆ ಬಸ್ ಪಾಸು ಇಟ್ಟು ಹೊಲಕ್ಕೆ ನಡೆದಿದ್ದ.

ಆಯಿ ನನ್ನನ್ನು ಹೊಗಳುತ್ತಾಳೆಂದುಕೊಂಡಿದ್ದೆ. ಅವಳು ಹಣೆ ಬಡಿದುಕೊಂಡಳು. ನನ್ನ ಅಪ್ಪ ನನಗೆ ಕಲಿಸಿದ್ದು ಕುಸ್ತಿ, ಅದನ್ನೇ ನಿಮಗೂ ಕಲಿಸಿಬಿಟ್ಟೆ, ನಿಮಗೆ ಬೇಕಾದದ್ದು ಬೇರೆ ಇತ್ತು ಅಂದಳು. "ಕುಸ್ತಿಗೆ ಬಂದಾಂವಗ ಸಲಾಮಿ. ಮೈಮ್ಯಾಲ ಬಂದಾಂವಗ ಯಾತರ ಸಲಾಮಿ? ಅಂವ ಹೇಳಿ ಬರತಾನೇನ?"

ಅಂದಿನಿಂದ ಕೊಟ್ಟಿಗೆಯ ಪಾಠವೇ ಬದಲಾಯಿತು. ಪಾತ್ರೆ ತಿಕ್ಕುವಾಗ, ಕೊಡ ಹೊತ್ತು ಬರುವಾಗ, ಜೋಳ ಹಸನು ಮಾಡುವಾಗ ಹಿಂದಿನಿಂದ ಬಂದು ಹಿಡಿಯುತ್ತಿದ್ದಳು. ಬಿಡಿಸಿಕೊಳ್ಳಬೇಕು, ಕೂಗಬೇಕು, ಜನ ಇದ್ದ ಕಡೆ ಓಡಬೇಕು. ಓಡುವುದು ಹೇಡಿತನವೆಂದ ಗೆಳತಿಗೆ, ನೀನೇನು ಕುಸ್ತಿಯ ಗದೆ ಗೆಲ್ಲಬೇಕಾಗಿಲ್ಲ, ಮನೆ ಮುಟ್ಟಬೇಕು ಅಂದಿದ್ದಳು. ಎಷ್ಟು ಕೊಡ ಒಡೆದೆವೋ... ಅವ್ವಂದಿರ ಬೈಗುಳವನ್ನೆಲ್ಲ ಆಯಿಯೇ ತಿಂದಳು.

ಆಯಿ ಹೋಗಿ ಎರಡು ವರ್ಷವಾಯಿತು. ಕೊಟ್ಟಿಗೆ ಇದ್ದಲ್ಲಿ ಸಿಮೆಂಟು ಹಾಕಿ ಮೊಮ್ಮಗ ಟ್ರ್ಯಾಕ್ಟರ್ ನಿಲ್ಲಿಸುತ್ತಾನೆ. ಆ ಮಣ್ಣು ಎಲ್ಲಿ ಹೋಯಿತೆಂದು ಕೇಳಿದೆ, ಅವನಿಗೆ ಗೊತ್ತಿಲ್ಲ.

ಈಗ ಮುನವಳ್ಳಿಯಲ್ಲಿ ರವಿವಾರ ನಮ್ಮ ಓಣಿಯ ಹೆಣ್ಣುಮಕ್ಕಳಿಗೆ ನಾನೇ ಕಲಿಸುತ್ತೇನೆ. ಗರಡಿ ನೋಡಿ ಬಂದ ಮರುವಾರ ಒಬ್ಬ ಹುಡುಗಿ ಬಗ್ಗಿ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಸಪ್ಪಳ ಮಾಡದೆ ಹೋಗಿ ಹಿಡಿದೆ. ಏನಾಯಿತೆಂದು ತಿಳಿಯುವ ಮೊದಲೇ ನಾನು ನೆಲದ ಮೇಲೆ ಅಂಗಾತ ಬಿದ್ದಿದ್ದೆ. ಇಷ್ಟು ವರ್ಷ ನಾನು ಕಲಿಸಿದವರಲ್ಲಿ ನನ್ನನ್ನು ಕೆಡವಿದ ಮೊದಲನೆಯವಳು. ಆಯಿ ಇದ್ದಿದ್ದರೆ ಅವತ್ತೇ ಊರಿನ ಬಸ್ಸು ಹತ್ತಿ ಹೋಗಿ ಹೇಳುತ್ತಿದ್ದೆ... ಹುಡುಗಿ ಗಾಬರಿಯಾಗಿ, ಪೆಟ್ಟಾತೇನ್ರಿ ಅಕ್ಕೋರ ಅಂತ ಕೇಳುತ್ತಿದ್ದಳು. ಎದ್ದು ಬೆನ್ನಿನ ಧೂಳು ಕೊಡವಿಕೊಂಡೆ. ಇನ್ನೊಮ್ಮೆ ಮಾಡು ಅಂದೆ.

ಇನ್ನೊಮ್ಮೆಯೂ ಕೆಡವಿದಳು.