ನಾನು ಆಪಾಗೆ ಹೇಳಿದ ಕೊನೆಗಳು

ಕಲಬುರಗಿಯ ಟಾಕೀಸಿನಲ್ಲಿ ನಾವು ಹೆಂಗಸರು ಯಾವ ಸಿನಿಮಾದ ಕೊನೆಯನ್ನೂ ನೋಡಿದವರಲ್ಲ. ಈಗಿನವರಿಗೆ ಹೇಳಿದರೆ ನಗುತ್ತಾರೆ. ನಗಲಿ ಬಿಡಿ. ಆಗ ಹೆಂಗಸರಿಗೆ ಜನಾನಾ ಅಂತ ಬೇರೆ ಜಾಗ ಇತ್ತು, ಅದರ ಮುಂದೆ ಉದ್ದಕ್ಕೂ ಒಂದು ಕಪ್ಪು ಪರದೆ. ದೀಪ ಆರಿದ ಮೇಲೆ ಒಬ್ಬ ಮುದುಕಿ ಹಗ್ಗ ಎಳೆದು ಆ ಪರದೆ ಸರಿಸುತ್ತಿದ್ದಳು, ದೀಪ ಹತ್ತುವ ಮೊದಲೇ ಮುಚ್ಚಿಬಿಡುತ್ತಿದ್ದಳು. ಕತ್ತಲೆಯಲ್ಲಿ ಬುರ್ಖಾ ಮೇಲೆತ್ತಿಕೊಂಡು ಆರಾಮಾಗಿ ಕೂತವರನ್ನು ಗಂಡಸರು ಹೊರಳಿ ನೋಡಿದರೆ ಏನು ಗತಿ? ಹಾಗಾಗಿ ಅವರಿಗಿಂತ ಎರಡು ನಿಮಿಷ ಮುಂಚೆಯೇ ನಮ್ಮ ಸಿನಿಮಾ ಮುಗಿಯುತ್ತಿತ್ತು. ಪಕ್ಕದ ಬಾಗಿಲಿನಿಂದ ನಮ್ಮನ್ನು ಮೊದಲು ಹೊರಗೆ ಕಳಿಸುತ್ತಿದ್ದರು.

ಕೊನೆ ಹತ್ತಿರ ಬಂತೆಂದು ಮುದುಕಿಗೆ ತಿಳಿಯುತ್ತಿದ್ದುದು ಹೇಗೆ? ಅವಳದೊಂದು ಗುರುತಿತ್ತು. ಗಂಡು ಹೆಣ್ಣು ಅಗಲಿದವರು ಮತ್ತೆ ಕೂಡಿ ಒಬ್ಬರ ಪಕ್ಕ ಒಬ್ಬರು ನಿಂತರೆ ಮುಗಿಯಿತು, ಹಗ್ಗ ಎಳಿ. ಹಿಂದಿ ಸಿನಿಮಾಕ್ಕೆ ಇದು ಸರಿಹೋಗುತ್ತಿತ್ತು. ಭಾನುವಾರ ಬೆಳಗಿನ ವಿದೇಶಿ ಸಿನಿಮಾಕ್ಕೆ ಮಾತ್ರ ಎಲ್ಲಾ ಎಡವಟ್ಟು. ಅಲ್ಲಿ ಅರ್ಧ ತಾಸಿಗೇ ಅವನು ಅವಳ ಮುಖದ ಹತ್ತಿರ ಬಂದುಬಿಡುತ್ತಿದ್ದ. ಮುದುಕಿ "ತೋಬಾ ತೋಬಾ" ಅನ್ನುತ್ತ ಪರದೆ ಎಳೆದೇಬಿಡುತ್ತಿದ್ದಳು. "ಏ ನಾನೀ, ತೆಗೀ, ಇನ್ನೂ ಭಾಳ ಅದ!" ಎಂದು ನಾವು ಕೂಗಾಡಿದರೆ ಗೊಣಗುತ್ತ ತೆಗೆಯುತ್ತಿದ್ದಳು. ಅಷ್ಟರಲ್ಲಿ ಯಾರೋ ಸತ್ತಿರುತ್ತಿದ್ದರು, ಯಾರು ಕೊಂದರೋ ದೇವರೇ ಬಲ್ಲ.

ನಾನು ವಿಜಾಪುರದ ಕಡೆಯವಳು. ಹೈದರಾಬಾದ್ ಸಂಸ್ಥಾನದ ಮೇಲೆ ಪೊಲೀಸ್ ಆಕ್ಷನ್ ಆಗಿ ಎರಡು ವರ್ಷಕ್ಕೆ, ಕಲಬುರಗಿ ಕಡೆಯ ಕನ್ನಡ ಶಾಲೆಗಳಿಗೆ ಕಲಿಸುವವರು ಬೇಕಾಗಿದ್ದರು ಎಂದು ಕಮಲಾಪುರದ ಹೆಣ್ಣುಮಕ್ಕಳ ಶಾಲೆಗೆ ಅಕ್ಕೋರಾಗಿ ಬಂದೆ. ನನಗೆ ಇಪ್ಪತ್ಮೂರು ವರ್ಷ. ತಂದೆತಾಯಿ ಇರಲಿಲ್ಲ. ಅಣ್ಣನ ಮನೆಯಲ್ಲಿ ವೈನಿ ನನಗೆ ಊಟಕ್ಕೆ ಬಡಿಸುವಾಗ ಸೌಟಿನ ಸಪ್ಪಳ ಜೋರಾಗುತ್ತಿತ್ತು. ಮದುವೆಯ ಮಾತು ಒಂದು ಸಲ ಮುರಿದಿತ್ತು, ಮತ್ತೆ ಯಾರೂ ಎತ್ತಲಿಲ್ಲ. ಎತ್ತದಿದ್ದದ್ದೇ ಛಲೋ ಆಯಿತು ಅಂತ ನಾನು ಎಲ್ಲರ ಮುಂದೆ ಹೇಳಿಕೊಂಡು ತಿರುಗಿದೆ. ಶುದ್ಧ ಸುಳ್ಳು. ಸಂಜೆ ಶಾಲೆ ಬಿಟ್ಟ ಮೇಲೆ ಮಾತಾಡಲು ಒಂದು ನರಪಿಳ್ಳೆ ಇಲ್ಲದೆ, ಮಕ್ಕಳ ಪಾಟಿಗಳನ್ನು ಒರೆಸಿದ್ದನ್ನೇ ಮತ್ತೆ ಒರೆಸುತ್ತ ಕೂಡುತ್ತಿದ್ದೆ.

ನನಗೆ ಬಾಡಿಗೆಗೆ ಕೋಣೆ ಕೊಟ್ಟವಳು ಒಬ್ಬ ಮುಸಲ್ಮಾನರ ಹೆಣ್ಣುಮಗಳು. ನಲವತ್ತರ ಆಸುಪಾಸು, ಮಕ್ಕಳಿಲ್ಲ. ಗಂಡ ಕರೋಡಗಿರಿ ನಾಕಾದಲ್ಲಿ, ಅಂದರೆ ಸುಂಕದ ಕಟ್ಟೆಯಲ್ಲಿ, ಗುಮಾಸ್ತ. ಆಕ್ಷನ್ನಿನ ಗದ್ದಲದ ದಿನಗಳಲ್ಲಿ ಕಚೇರಿಯ ಕೆಲಸಕ್ಕೆ ಹೈದರಾಬಾದಿಗೆಂದು ಹೊರಟವನು ಅಲ್ಲಿ ಮುಟ್ಟಲೂ ಇಲ್ಲ, ತಿರುಗಿ ಬರಲೂ ಇಲ್ಲ. ನಾನು ಅವಳನ್ನು ಆಪಾ, ಅಂದರೆ ಅಕ್ಕ, ಅನ್ನುತ್ತಿದ್ದೆ. ಅವಳು ನನ್ನನ್ನು ಮಂದಿಯ ಮುಂದೆ ಅಕ್ಕೋರ ಅಂತಲೂ ಇಬ್ಬರೇ ಇದ್ದಾಗ ತಂಗಿ ಅಂತಲೂ ಕರೆಯುತ್ತಿದ್ದಳು. ನಮ್ಮ ಅಡಿಗೆ ಬೇರೆ, ಒಲೆ ಬೇರೆ, ಅಂಗಳ ಒಂದೇ.

ನಾನು ತಿಂಗಳಿಗೆ ಎರಡು ಭಾನುವಾರ ನಸುಕಿನ ಮೋಟಾರು ಹಿಡಿದು ಕಲಬುರಗಿಗೆ ಹೋಗಿ ಸಿನಿಮಾ ನೋಡುವುದು ಗೊತ್ತಾದಾಗ ಆಪಾ ಛೀ ಥೂ ಅಂದಾಳು ಎಂದುಕೊಂಡಿದ್ದೆ. ಅವಳು ಬಾಗಿಲ ಚೌಕಟ್ಟಿಗೆ ಆತುಕೊಂಡು ನಿಂತು ಕೇಳಿದ್ದು ಬೇರೆಯೇ.

"ಯಾವುದು ನೋಡಿದಿ? ಛಲೋ ಇತ್ತೇನು? ನಾ ಲಗ್ನಾದ ಹೊಸದಾಗಿ ಅವರ ಜೋಡಿ ಹೈದರಾಬಾದಿನ್ಯಾಗ ನಾಕು ನೋಡೀನಿ. ವಿಲಾಯತಿದು ಒಂದೂ ನೋಡಿಲ್ಲ. ಅದ್ರಾಗ ಹಾಡಿರಂಗಿಲ್ಲಂತ, ಖರೇನು? ಹಾಡಿಲ್ದ ಅವರು ಅಳೂದು ಹೆಂಗ?"

ಅಂದಿನಿಂದ ನಾನು ಅವಳ ಸಿನಿಮಾ ಪಂಡಿತಳಾದೆ. ಯಾವುದನ್ನು ಮೊದಲು ನೋಡಬೇಕು, ಯಾವುದನ್ನು ಆಮೇಲೆ ಎಂಬುದಕ್ಕೆ ನನ್ನದೊಂದು ಕ್ರಮ ಹುಟ್ಟಿತು. ಮೊದಲು ಮಾತೇ ಇಲ್ಲದ ಹಳೆಯ ನಗೆಯ ಸಿನಿಮಾ. ಅಲ್ಲಿ ಭಾಷೆಯ ತಕರಾರಿಲ್ಲ. ದಪ್ಪ ಅಂಚೆಯವನ ಬೆನ್ನಿಗೆ ಬಾತುಕೋಳಿ ಬಿದ್ದರೆ ಕಮಲಾಪುರದವಳಿಗೂ ನಗು, ವಿಲಾಯತಿಯವಳಿಗೂ ನಗು. ಆಮೇಲೆ ಮನೆ, ಮಕ್ಕಳು, ಬಡತನ ಇರುವಂಥದ್ದು. ಹಿಮದಲ್ಲಿ ನಡೆದುಹೋಗುವ ಮುದಿ ಮಾಸ್ತರನ ಸಿನಿಮಾ ಮೂರನೆಯದು. ತಾಳ್ಮೆ ಬಂದ ಮೇಲೆಯೇ ಅದು. ಯುದ್ಧದ್ದು ಕಟ್ಟಕಡೆಗೆ. "ಇದು ನೀವು ನೋಡಲೇಬೇಕ್ರಿ ಆಪಾ" ಎಂದು ಪ್ರತಿ ಸಲ ಹೇಳುತ್ತಿದ್ದೆ. "ಗಂಡ ಮನ್ಯಾಗಿಲ್ಲ, ಈಕಿ ಬೈಸ್ಕೋಪ್ ನೋಡಾಕ ಹೊಂಟಾಳ ಅಂತ ಮಂದಿ ಅನ್ನಂಗಿಲ್ಲೇನು? ನೀ ಹೇಳು, ನಾ ಕೇಳ್ತೀನಿ" ಎನ್ನುತ್ತಿದ್ದಳು. ಹೇಳುತ್ತಿದ್ದೆ. ಅವಳ ಪ್ರಶ್ನೆಗಳಿಗೆ ಮಿತಿ ಇರಲಿಲ್ಲ. ಅವರ ಮನೆಯಲ್ಲಿ ಅತ್ತೆ ಯಾಕಿಲ್ಲ? ಅಷ್ಟು ಚಳಿಯಲ್ಲಿ ಹಿಟ್ಟು ಹೇಗೆ ಹುಳಿಯಾದೀತು? ಎಲ್ಲ ಆದ ಮೇಲೆ, ಕಡೆಯ ಪ್ರಶ್ನೆ.

"ಆಖರಿಗೆ ಏನಾತು?"

ನನಗೆಲ್ಲಿ ಗೊತ್ತು ಆಖರಿಗೆ ಏನಾಯಿತೆಂದು! ಪರದೆ ಬಿದ್ದಿರುತ್ತಿತ್ತಲ್ಲ. ಆದರೆ ಆ ಮುಖ ನೋಡಿ ಗೊತ್ತಿಲ್ಲ ಅನ್ನಲು ಬಾಯಿ ಬರಲಿಲ್ಲ. ಕೊನೆಗಳನ್ನು ಕಟ್ಟಿ ಹೇಳಿದೆ. ಮಾಸ್ತರನಿಗೆ ಮಗ ಸಿಕ್ಕ. ಅಂಚೆಯವನಿಗೆ ಲಗ್ನವಾಯಿತು. ನನ್ನ ಬಾಯಲ್ಲಿ ಯಾವ ದೇಶದವರೂ ಹಾಳಾಗಲಿಲ್ಲ, ಹೋದವರೆಲ್ಲ ಮನೆಗೆ ಬಂದರು.

ಹೀಗೆ ಎರಡು ವರ್ಷ ನಡೆಯಿತು. ಮೂರನೆಯ ವರ್ಷ ಹೈದರಾಬಾದಿನಿಂದ ಆಪಾಳ ತಮ್ಮನ ಕಾಗದ ಬಂತು. ಮುಂಚೆಯೂ ಬರುತ್ತಿದ್ದವು. ಇದು ಬೇರೆಯಾಗಿತ್ತು. ಅವನ ಹೆಂಡತಿ ತೀರಿಕೊಂಡಿದ್ದಳು, ಮೂರು ಸಣ್ಣ ಮಕ್ಕಳು. ಅಕ್ಕ ಬಂದು ತನ್ನಲ್ಲೇ ಇದ್ದುಬಿಡಲಿ ಎಂದು ಬರೆದಿದ್ದ. ನನಗೆ ಉರ್ದು ಬಾರದು, ಆಪಾ ಓದಿ ಹೇಳಿದಳು. "ನಮ್ಮವರು ತಿರುಗಿ ಬಂದ್ರ ಅಂದ್ರ ಮನೀ ಖಾಲಿ ಇರಬಾರದಲ್ಲ" ಎಂದು ಕಾಗದ ಮಡಚಿದಳು. ಮಡಚಿದ್ದನ್ನು ಮತ್ತೆ ಬಿಚ್ಚಿದಳು.

ಅವಳು ಹೋದರೆ? ಆ ಅಂಗಳ, ಆ ಸಂಜೆಗಳು! ಅವಳ ತಮ್ಮನ ತಾಯಿಯಿಲ್ಲದ ಮಕ್ಕಳ ಬಗ್ಗೆ ನಾನು ಒಂದು ಕ್ಷಣವೂ ಯೋಚಿಸಲಿಲ್ಲ. ಹೇಳಿದರೆ ನಾಚಿಕೆ, ಆದರೆ ಅದೇ ನಿಜ.

ಆ ಭಾನುವಾರ ನೋಡಿದ್ದು ಇಂಗ್ಲಿಷಿನದೂ ಅಲ್ಲ, ಯಾವ ದೇಶದ್ದೋ. ಕೆಳಗೆ ಇಂಗ್ಲಿಷ್ ಅಕ್ಷರ ಬರುತ್ತಿತ್ತು, ನಾನು ತಡವರಿಸಿಕೊಂಡು ಓದುತ್ತಿದ್ದೆ. ಗಂಡ ಯುದ್ಧಕ್ಕೆ ಹೋಗಿದ್ದಾನೆ. ಹೆಂಡತಿ ದಿನಾ ಮೇಜಿನ ಮೇಲೆ ಎರಡು ತಾಟು ಇಡುತ್ತಾಳೆ. ಯುದ್ಧ ಮುಗಿದು ಹಡಗು ಬರುತ್ತದೆ. ಗದ್ದಲದಲ್ಲಿ ಅವಳು ಒಬ್ಬ ಸಿಪಾಯಿಯ ಬೆನ್ನು ಕಂಡು ಓಡಿಹೋಗಿ ತಬ್ಬಿಕೊಳ್ಳುತ್ತಾಳೆ. ಕೂಡಿದರಲ್ಲ! ಮುದುಕಿ ಪರದೆ ಎಳೆದಳು. ನಾವು ಹೊರಗೆ ಬಂದೆವು. ಆದರೆ ಮೋಮಿನಪುರದ ಕಡೆ ತಿರುಗುವವರೆಗೂ ನನ್ನ ಬೆನ್ನ ಹಿಂದೆ ಟಾಕೀಸಿನ ಬಾಜಾ ಕೇಳುತ್ತಲೇ ಇತ್ತು. ಒಬ್ಬ ಗಂಡಸೂ ಹೊರಗೆ ಬಂದಿರಲಿಲ್ಲ. ಸಿನಿಮಾ ಇನ್ನೂ ಬಹಳ ಉಳಿದಿದೆ ಎಂದು ನನಗೆ ಗೊತ್ತಿತ್ತು.

ಗೊತ್ತಿದ್ದೂ ಆಪಾಗೆ ಹೇಳಿದೆ. "ಬಂದ್ರಿ. ಏಳು ವರ್ಷಾದ ಮ್ಯಾಲೆ ಬಂದ. ಆಕಿ ಮನೀ ಬಿಟ್ಟು ಹೋಗಿರಲಿಲ್ಲ ನೋಡ್ರಿ, ಅದಕ ಬಂದ."

ಆಪಾ ನನ್ನ ಮುಖವನ್ನೇ ನೋಡಿದಳು. ಆಮೇಲೆ, "ಮುಂದಿನ ಐತವಾರಾನೂ ಅದೇ ಇರ್ತದೇನು? ನಾನೂ ಬರ್ತೀನಿ" ಎಂದಳು.

ಇಷ್ಟು ವರ್ಷ ನೋಡಿರಿ ನೋಡಿರಿ ಎಂದು ಬೆನ್ನು ಹತ್ತಿದವಳು ನಾನು, ಈಗ ಆ ವಾರವಿಡೀ ಬೇಡ ಅನ್ನಿಸಲು ಒದ್ದಾಡಿದೆ. ಅಷ್ಟೇನು ಛಲೋ ಇಲ್ಲ ಅಂದೆ. ಭಾಷೆ ತಿಳಿಯುವುದಿಲ್ಲ, ಮೋಟಾರಿನಲ್ಲಿ ಧೂಳು ಅಂದೆ. "ಇರಲಿ ತಗೋ" ಎಂದಳು. ಭಾನುವಾರ ಬುರ್ಖಾ ಹಾಕಿಕೊಂಡು, ದಾರಿಗೆ ನಾಲ್ಕು ಕೆಂಪು ಬಾಳೆಹಣ್ಣು ಕಟ್ಟಿಕೊಂಡು, ನನಗಿಂತ ಮೊದಲೇ ಅಂಗಳದಲ್ಲಿ ನಿಂತಿದ್ದಳು.

ಹಿಂದಿನ ವಾರ ಬೇಗ ಪರದೆ ಎಳೆದದ್ದು ಆಮೇಲೆ ಗಂಡಸರ ಬಾಯಿಂದ ತಿಳಿದು ಹೆಂಗಸರು ಮುದುಕಿಗೆ ಚೆನ್ನಾಗಿ ಉಗಿದಿದ್ದರು. ಈ ಸಲ ಹಡಗಿನ ಹತ್ತಿರ ಅವಳು ತಬ್ಬಿಕೊಂಡಾಗ ಮುದುಕಿ ಹಗ್ಗ ಹಿಡಿದಳೇ ಹೊರತು ಎಳೆಯಲಿಲ್ಲ. ಆ ಸಿಪಾಯಿ ತಿರುಗಿದ. ಅವಳ ಗಂಡನಲ್ಲ, ಬೇರೆ ಯಾರೋ. ಅವನು ಟೊಪ್ಪಿಗೆ ತೆಗೆದು ಏನೋ ಅಂದ, ಹೋದ. ಹೆಂಡತಿ ಒಬ್ಬಳೇ ಮನೆಗೆ ನಡೆದಳು. ಎರಡನೆಯ ತಾಟು ಎತ್ತಿ ಕಪಾಟಿನಲ್ಲಿಟ್ಟಳು. ಕೂತು ಉಂಡಳು. ಮುದುಕಿ ಇನ್ನೂ ಗಂಡ ಬಂದು ಪಕ್ಕ ನಿಲ್ಲಲೆಂದು ಹಗ್ಗ ಹಿಡಿದುಕೊಂಡು ಕಾಯುತ್ತಲೇ ಇದ್ದಳು. ಅವನು ಬರಲಿಲ್ಲ, ದೀಪವೇ ಬಂತು. "ಯಾ ಅಲ್ಲಾ!" ಎಂದು ಹೆಂಗಸರೆಲ್ಲ ಸೆರಗು, ಬುರ್ಖಾ ಎಳೆದುಕೊಂಡು ಚೀರಾಡಿದರು. ಆಪಾ ಒಬ್ಬಳು ಮುಖ ಮುಚ್ಚಿಕೊಳ್ಳುವುದನ್ನೇ ಮರೆತು ಎದುರಿಗೆ ನೋಡುತ್ತ ಕೂತಿದ್ದಳು. ನಾನೇ ಅವಳ ಬುರ್ಖಾ ಕೆಳಗೆ ಎಳೆದೆ.

ಮೋಟಾರು ಕಪನೂರ ದಾಟಿತು. ನನಗೆ ತಡೆಯಲಾಗಲಿಲ್ಲ.

"ಆಪಾ, ನನಗ ಕಡೀದು ಕಂಡಿರಲಿಲ್ರಿ. ಪರದೆ ಬಿದ್ದಿತ್ತು."

"ಗೊತ್ತದ. ಹೈದರಾಬಾದಿನ್ಯಾಗೂ ಜನಾನಾಕ್ಕ ಪರದಾ ಇತ್ತಲ್ಲ ತಂಗಿ. ನೀ ಮೊದಲನೇ ಸಲ ಆಖರಿ ಹೇಳಿದ ದಿನಾನ ತಿಳೀತು, ಈಕಿ ಕಟ್ಟಿ ಹೇಳಾಕತ್ತಾಳ ಅಂತ."

"ಮತ್ತ ಯಾಕ ಕೇಳ್ತಿದ್ರಿ?"

"ಹೇಳೂ ಮುಂದ ನಿನ್ನ ಮಾರಿಮ್ಯಾಲೆ ಕಳೆ ಬರ್ತಿತ್ತು. ಹೋದ ವಾರ ಮಾತ್ರ ನೀ ಅಂಜಿಕೊಂಡು ಹೇಳಿದಿ. ಏನಿದ್ದೀತು ಅಂತ ನೋಡ್ಬೇಕನಿಸ್ತು."

ಕಿಟಕಿಯ ಕಡೆ ತಿರುಗಿ ಅವಳು ಮೆಲ್ಲಗೆ ಅಂದಳು. "ಅವರು ಬರಂಗಿಲ್ಲ ತಂಗಿ. ಅದು ನೀ ಬರೂಕಿಂತ ಮೊದಲೇ ನನಗ ಗೊತ್ತಿತ್ತು. ತಮ್ಮ ಕರದಾಗೊಮ್ಮೆ ಹೊಂಡಬೇಕಂತಿದ್ದೆ. ಈ ಹುಡುಗಿ ಒಬ್ಬಾಕೀನ ಹೆಂಗ ಇರ್ತಾಳ ಅಂತ ನಿಂತೆ. ಈಗ ಆ ಕೂಸುಗಳು ಅವ. ಹೋಗ್ಲೇನು?"

ನಾನು ಅವಳನ್ನು ಹಿಡಿದಿಟ್ಟಿದ್ದೇನೆ ಎಂದುಕೊಂಡಿದ್ದೆ. ಅವಳು ನನ್ನನ್ನು ಕಾಯುತ್ತಿದ್ದಳು. ಮಂದಿ ತುಂಬಿದ ಮೋಟಾರಿನಲ್ಲಿ, ಯಾರು ನೋಡಿದರೂ ನೋಡಲಿ ಎಂದು ಅತ್ತೆ. "ಹೋಗಬ್ಯಾಡ್ರಿ" ಅಂದೆ. ಅವಳು ನನ್ನ ಕೈ ಹಿಡಿದುಕೊಂಡಳು, ಕಮಲಾಪುರ ಬರುವವರೆಗೂ ಬಿಡಲಿಲ್ಲ. ಊರಿಗೆ ಇಳಿದ ಮೇಲೆ, "ಹೋಗ್ರಿ" ಅಂದೆ.

ಶುಕ್ರವಾರ ನಾನೇ ಅವಳನ್ನು ಹೈದರಾಬಾದಿನ ಮೋಟಾರಿಗೆ ಹತ್ತಿಸಿದೆ. ಮನೆ ನೋಡಿಕೋ ಎಂದು ಕೀಲಿ ನನ್ನ ಕೈಗಿಟ್ಟು ಹೋದಳು.

ಎರಡು ವಾರ ಬಿಟ್ಟು ಕಲಬುರಗಿಯಲ್ಲಿ ಒಂದು ಸಿನಿಮಾ ನೋಡಿದೆ. ಒಬ್ಬ ಹೆಂಗಸು, ಒಂದು ಹತ್ತಿಯ ಗಿರಣಿ, ಸಿಟ್ಟಿನ ಅತ್ತೆ. ಆಪಾ ನೋಡಲೇಬೇಕಾದದ್ದು. ಅತ್ತೆಯ ಮಾತುಗಳನ್ನು ಹೇಗೆ ಹೇಳಿದರೆ ಅವಳಿಗೆ ನಗು ಬಂದೀತು ಎಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದೆ. ಮೋಟಾರು ಇಳಿದವಳು ಬಿರಬಿರನೆ ನಡೆದು ಮನೆ ಮುಟ್ಟಿ, ಬೀಗ ಹಾಕಿದ ಬಾಗಿಲ ಮುಂದೆ ನಿಂತು, "ಆಪಾ" ಎಂದು ಕರೆದೆ.