ಊರಿಗೆ ಮೊದಲು ಒಂದು ಬೊಗಸೆ

ಹೊಳೆನರಸೀಪುರದಲ್ಲಿ ಇನ್ನೂ ಮಬ್ಬುಗತ್ತಲೆ. ಹೇಮಾವತಿಯ ಮೆಟ್ಟಿಲ ಮೇಲೆ ಹೆಂಗಸರು ಕೊಡ ಹಿಡಿದು ಚಳಿಯಲ್ಲಿ ನಿಂತಿದ್ದಾರೆ, ಯಾರೂ ನೀರಿಗಿಳಿಯುವುದಿಲ್ಲ. ಪುರಸಭೆಯ ಹೊಳೆ ಕಾವಲುಗಾರ ನಂಜಯ್ಯನವರು ಪಂಚೆ ಎತ್ತಿಕಟ್ಟಿ ಇಳಿದು, ಒಂದು ಬೊಗಸೆ ನೀರೆತ್ತಿ ಮೂಸುತ್ತಾರೆ.

"ಬೇಗ ಕುಡಿಯಪ್ಪ ನಂಜಯ್ಯ, ಕಾಫಿಯಲ್ಲ ಅದು" ಎಂದು ಕೊಡ ಹಿಡಿದು ಕಾದಿರುವ ಕಾಮಾಕ್ಷಮ್ಮ ರೇಗಿಸುತ್ತಾರೆ. ನಂಜಯ್ಯನವರು ಕುಡಿದು ಪಕ್ಕಕ್ಕೆ ಸರಿದ ಮೇಲೆಯೇ ಕೊಡಗಳು ಮುಳುಗುವುದು. ಈ ಪದ್ಧತಿ ಯಾವ ಕಾನೂನಿನಲ್ಲೂ ಇಲ್ಲ, ನಂಜಯ್ಯನವರೇ ಮಾಡಿಕೊಂಡದ್ದು.

ಊರಿಗೆ ನಲ್ಲಿ ಬರುವ ಮಾತು ಇನ್ನೂ ಮಾತಿನಲ್ಲೇ ಇದೆ. ಅಲ್ಲಿಯವರೆಗೆ ಮೆಟ್ಟಿಲಿನಿಂದ ಮೇಲಕ್ಕೆ, ನೀರು ಹರಿದು ಬರುವ ಕಡೆ, ಯಾರೂ ದನ ತೊಳೆಯದಂತೆ, ಬಟ್ಟೆ ಒಗೆಯದಂತೆ, ತೆಂಗಿನ ಮಟ್ಟೆ ನೆನೆಹಾಕದಂತೆ ನೋಡಿಕೊಳ್ಳುವುದು ಇವರ ಕೆಲಸ. "ಎಮ್ಮೆಗೆ ಏಳಿದ್ರೆ ಕೇಳ್ತದೆ ಸಾ, ಎಮ್ಮೆಯೋನಿಗೇ ಕಷ್ಟ" ಎಂದು ನನ್ನತ್ತ ತಿರುಗಿ ನಗುತ್ತಾರೆ.

ಹೋದ ಬೇಸಿಗೆಯಲ್ಲಿ ಹೊಳೆ ಬಡಕಲಾಗಿತ್ತು. ಒಂದು ಬೆಳಿಗ್ಗೆ ನಂಜಯ್ಯನವರು ಬಾಯಿಗೆ ಹಾಕಿಕೊಂಡ ನೀರನ್ನು ಉಗಿದುಬಿಟ್ಟರು. ಹೆಂಗಸರು ಖಾಲಿ ಕೊಡ ಹೊತ್ತು ವಾಪಸಾದರು. ನಂಜಯ್ಯನವರು ದಡ ಹಿಡಿದು ಮೇಲಕ್ಕೆ ನಡೆದರೆ, ಒಂದು ಮಡುವಿನಲ್ಲಿ ನಾರು ಬಿಡಿಸಲೆಂದು ಮಟ್ಟೆ ತುಂಬಿ ಮೇಲೆ ಕಲ್ಲು ಹೇರಿದ್ದರು. ನೀರು ಕಪ್ಪಗಾಗಿ ಕೊಳೆತು ನಾತ ಹೊಡೆಯುತ್ತಿತ್ತು. ಮಟ್ಟೆ ಇದೇ ಊರಿನ ರುದ್ರಯ್ಯನವರದು, ಅಂದರೆ ನಂಜಯ್ಯನವರ ಮಗಳು ರೇವಮ್ಮನ ಮಾವನವರದು.

ರುದ್ರಯ್ಯನವರು ಕೆಟ್ಟವರಲ್ಲ. ಹರಿಯುವ ಗಂಗೆಗೆ ಮೈಲಿಗೆಯಿಲ್ಲ ಎಂದು ನಂಬಿದವರು. ನಂಜಯ್ಯನವರು ಮನೆಗೇ ಹೋಗಿ, ಬೇಸಿಗೆಯಲ್ಲಿ ಗಂಗೆ ಹರಿಯುವುದೆಲ್ಲಿ ಬಂತು, ತೆಗೆಸಿಬಿಡಿ ಎಂದು ಬೇಡಿಕೊಂಡರಂತೆ.

"ಊರೋರ ಎಮ್ಮೆ ಬುಟ್ಟು ಬೀಗರ ಮಟ್ಟೆ ಮ್ಯಾಲೇ ಕಣ್ಣು ಬಿತ್ತಾ ನಿಮ್ಗೆ?" ಎಂದರಂತೆ ಅವರು.

ಮಾರನೆಯ ದಿನ ನಂಜಯ್ಯನವರು ಪುರಸಭೆಗೆ ತಿಳಿಸಿದರು. ಆಳುಗಳು ಬಂದು ಮಟ್ಟೆಯನ್ನೆಲ್ಲ ಊರೆದುರಿಗೇ ದಡಕ್ಕೆ ಎಳೆದು ಹಾಕಿದರು. ಆ ವರ್ಷ ಗೌರಿ ಹಬ್ಬಕ್ಕೆ ಕರೆಯಲು ಹೋದರೆ ಬೀಗರು ಮಗಳನ್ನು ಕಳಿಸಲಿಲ್ಲ.

"ಒಂದಿನ ಕಣ್ಮುಚ್ಕಂಡಿದ್ರೆ ಇವರ ಗಂಟೇನು ಓಗ್ತಿತ್ತು?" ಎಂದು ಹೆಂಡತಿ ಬಸವಲಿಂಗಮ್ಮ ಇಂದಿಗೂ ಕೇಳುತ್ತಾರೆ.

ಈಗ ರೇವಮ್ಮ ತುಂಬು ಬಸುರಿ. ಚೊಚ್ಚಲ ಬಾಣಂತನ ತವರಿನದು. ಮುಂದಿನ ಸೋಮವಾರ ಕರೆಯಲು ಹೋಗುವವರಿದ್ದಾರೆ. ಈ ಸಲವೂ ಕಳಿಸದಿದ್ದರೆ ಎಂದು ನಾನು ಕೇಳುತ್ತೇನೆ. ನಂಜಯ್ಯನವರು ಒದ್ದೆ ಪಂಚೆಯ ಅಂಚು ಹಿಂಡುತ್ತಾರೆ.

"ಕಳಿಸಿದ್ರೆ ನಮ್ಮ ಪುಣ್ಯ ಸಾ. ಕಳಿಸ್ದೇ ಇದ್ರೂ, ಆ ಮನೆಗೆ ಓಗೋದೂ ಈ ಮೆಟ್ಲು ನೀರೇ. ಕೂಸಿಗೆ ಅದನ್ನೇ ಕಾಯಿಸ್ತಾರೆ."