ಬದಲಿ ಕೊಟ್ಟು ಊರಿಗೆ ಹೋಗಿ

ಛತ್ರಪತಿ ಸಂಭಾಜಿನಗರದ ವಿಶ್ವವಿದ್ಯಾಲಯವೊಂದರಲ್ಲಿ ದುಡಿಮೆ, ಕಾರ್ಮಿಕ ಸಂಬಂಧ, ಉದ್ಯೋಗ ಅಂತ ಉಪನ್ಯಾಸಗಳು ಶುರುವಾಗಲಿವೆ, ನೀವೂ ಬಂದು ಮಾತಾಡಬೇಕು ಎಂದು ಅಲ್ಲಿನ ಪ್ರಾಧ್ಯಾಪಕಿಯೊಬ್ಬರು ಕೇಳಿದಾಗ ನಾನು ಕೂಡಲೇ ಒಪ್ಪಲಿಲ್ಲ. ಯಾರು ಏನೇ ಕೇಳಲಿ, ಮೊದಲು ಒಂದು ಲೋಟ ನೀರು ಕುಡಿಯಬೇಕು, ಆಮೇಲೆ ಉತ್ತರ ಕೊಡಬೇಕು. ಲಾಸಲಗಾಂವಿನ ಈರುಳ್ಳಿ ದಲ್ಲಾಳಿಗಳ ಎದುರು ಕೂತು ಕಲಿತ ವಿದ್ಯೆ ಇದು. ನಿಮಗೂ ಬೇಕಾಗುತ್ತದೆ, ನೆನಪಿಟ್ಟುಕೊಳ್ಳಿ. ಆದರೆ ಆ ದಿನ ಒಂದು ಲೋಟ ಸಾಲದೆ ಇನ್ನೊಂದನ್ನೂ ಕುಡಿದೆ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟು ನಾಶಿಕಿಗೆ ಬಂದು ಹೋಟೆಲಿನಲ್ಲಿ ಮೇಜು ಒರೆಸಿದವನು ನಾನು. ಕಾಲೇಜುಗಳ ಒಳಗೆ ಕಾಲಿಟ್ಟಿದ್ದರೆ ಅದು ಕ್ಯಾಂಟೀನಿನ ಗುತ್ತಿಗೆ ಕೇಳಲಿಕ್ಕೆ ಮಾತ್ರ. ವೇದಿಕೆ ಹತ್ತಿ ಎಂದು ಯಾರೂ ಕರೆದವರಿಲ್ಲ.

ಪ್ರಾಧ್ಯಾಪಕಿ ಧಾರವಾಡದ ಕಡೆಯವರು. ಅವರ ತಂದೆ ಬ್ಯಾಂಕಿನ ವರ್ಗಾವಣೆಯಲ್ಲಿ ಮಹಾರಾಷ್ಟ್ರಕ್ಕೆ ಬಂದು ಇಲ್ಲೇ ನೆಲೆನಿಂತರು. ನಾಶಿಕಿಗೆ ಬಂದಾಗಲೆಲ್ಲ ಇವರಿಗೆ ನನ್ನ ಹೋಟೆಲಿನದೇ ದೋಸೆ ಆಗಬೇಕು.

"ಕಾರ್ಖಾನಿ ಮ್ಯಾನೇಜರ್ ಬರ್ತಾರ್ರಿ, ಯೂನಿಯನ್ನಿನವ್ರು ಬರ್ತಾರ, ವಕೀಲ್ರೂ ಬರ್ತಾರ. ಎಲ್ಲಾರೂ ಜಗಳದ ಸುದ್ದಿನ ಹೇಳವ್ರು. ಜಗಳ ಇಲ್ಲದ ನಡಸ್ಕೊಂಡು ಬಂದವ್ರು ಒಬ್ರು ಬೇಕಲ್ರಿ?" ಎಂದರು.

"ಎಷ್ಟು ಹೊತ್ತು ಕೊಡ್ತೀರಿ?" ಅಂದೆ.

"ಇಪ್ಪತ್ತು ನಿಮಿಷ."

"ನಲವತ್ತು."

"ಅಯ್ಯ, ಸಂತ್ಯಾಗ ಕುಂತಂಗ ಮಾತಾಡ್ತೀರಲ್ರಿ!"

ಮೂವತ್ತಕ್ಕೆ ಒಪ್ಪಂದವಾಯಿತು.

ಏನು ಹೇಳಬೇಕೆಂಬುದು ನನಗೆ ಗೊತ್ತಿತ್ತು. ನಮ್ಮ ಕರಾವಳಿಯವರ ಹೋಟೆಲುಗಳಲ್ಲಿ ಅಡುಗೆಯವರು ರಜೆಗೆ ಅರ್ಜಿ ಬರೆಯುವುದಿಲ್ಲ. ಊರಿಗೆ ಹೋಗುವವನು ತನ್ನ ಜಾಗಕ್ಕೆ ತಾನೇ ಒಬ್ಬನನ್ನು ಕರೆತಂದು ನಿಲ್ಲಿಸಿ ಹೋಗುತ್ತಾನೆ. ಹಾಗೆ ಬಂದವನಿಗೆ ಬದಲಿ ಎನ್ನುತ್ತೇವೆ. ಬದಲಿಯವನು ಮೊದಲೇ ಬಂದು ದೋಸೆ ಕಾವಲಿಯ ಬಿಸಿ, ಸಾಂಬಾರಿನ ಹದ ನೋಡಿಕೊಳ್ಳುತ್ತಾನೆ. ಮಾಲಿಕನಿಗೆ ತಲೆಬಿಸಿ ಇಲ್ಲ. ಊರಿಗೆ ಹೋದವನಿಗೂ ಕೆಲಸ ಕೈತಪ್ಪುವ ಹೆದರಿಕೆ ಇಲ್ಲ, ಯಾಕೆಂದರೆ ಅವನ ಜಾಗದಲ್ಲಿ ನಿಂತವನು ಅವನದೇ ಜನ. ಬದಲಿ ಕೊಟ್ಟರೆ ಯಾವ ಕೆಲಸವೂ ನಿಲ್ಲುವುದಿಲ್ಲ, ಇದಕ್ಕಿಂತ ಒಳ್ಳೆಯ ಕಾರ್ಮಿಕ ಸಂಬಂಧ ಎಲ್ಲಿ ಉಂಟು ಎಂದು ಪ್ರಾಧ್ಯಾಪಕಿಗೂ ಹೇಳಿದೆ. ಭಾಷಣದ ಮೊದಲ ವಾಕ್ಯ ಅಂದೇ ಬರೆದಿಟ್ಟೆ: "ಕೆಲಸದವರಿಲ್ಲ ಎಂಬ ಕಾರಣಕ್ಕೆ ನನ್ನ ಹೋಟೆಲಿನ ಶಟರ್ ಒಂದು ದಿನವೂ ಇಳಿದಿಲ್ಲ." ಕೊರೋನಾ ಕಾಲದಲ್ಲಿ ಸರಕಾರ ಮುಚ್ಚಿಸಿತ್ತು, ಅದು ಬೇರೆ ಮಾತು.

ಕಳೆದ ವಾರ ನಮ್ಮ ದೋಸೆಯ ಭಟ್ರು ಒದ್ದೆ ಕೈಯನ್ನು ಟವೆಲಿಗೆ ಒರೆಸುತ್ತ ನಾನು ದುಡ್ಡು ಎಣಿಸುತ್ತಿದ್ದ ಗಲ್ಲೆಯ ಹತ್ತಿರ ಬಂದರು.

"ಧಣಿ, ಮಗಳ ನಿಶ್ಚಿತಾರ್ಥ ಕೂಡಿಬಂತು."

"ಒಳ್ಳೇದಾಯ್ತು ಭಟ್ರೆ. ಯಾವಾಗ?"

ಅವರು ಹೇಳಿದ್ದು ನನ್ನ ಭಾಷಣದ ದಿನವನ್ನೇ.

"ಎರಡು ದಿನ ಆಚೆ ಈಚೆ ಮಾಡ್ಲಿಕ್ಕೆ ಆಗುದಿಲ್ವಾ?"

"ಹುಡುಗ ಮಸ್ಕತ್ತಿನಲ್ಲಿ ಇರುದು. ಅವನ ಮಾಲಿಕ ಕೊಟ್ಟದ್ದೇ ಅಷ್ಟು ರಜೆ. ಬದಲಿ ಕೊಡು ಅಂತ ಅವನತ್ರ ಕೇಳ್ಲಿಲ್ಲ ಅಂತೆ."

ಮಾತಿನ ಮೊನೆ ನನಗೆ ತಾಗದೆ ಇರಲಿಲ್ಲ. "ನಾನೆಂತ ಹೋಗ್ಬೇಡಿ ಅಂದೆನಾ? ಧಾರಾಳ ಹೋಗಿ. ನಿಮ್ಮ ಹೆಂಡತಿಯ ತಮ್ಮ ಬರ್ತಾನಲ್ಲ ಬದಲಿಗೆ, ಯಾವಾಗಿನ ಹಾಗೆ?"

"ಅವನು ಹುಡುಗಿಗೆ ಸೋದರಮಾವ ಆಗ್ಬೇಕಲ್ಲ ಧಣಿ! ಅವನನ್ನು ನಿಮ್ಮ ಕಾವಲಿ ಎದುರು ನಿಲ್ಲಿಸಿ ನಾನು ಅಲ್ಲಿ ನೆಂಟರಿಗೆ ಎಂತ ಹೇಳುದು?"

"ಹಾಗಾದ್ರೆ ಇಡ್ಲಿಯವನು ನಿಮ್ಮ ಕೆಲಸ ನೋಡಿಕೊಳ್ಳಲಿ."

"ಅವನು ನನ್ನ ಚಿಕ್ಕಪ್ಪನ ಮಗ."

"ಚಟ್ನಿ ರುಬ್ಬುವವನು?"

"ಅವನ ತಮ್ಮ. ನೀವೂ ಬನ್ನಿ ಧಣಿ, ಎಲ್ಲರೂ ಒಟ್ಟಿಗೇ ಹೋಗುವ."

ಆಗ ನನಗೆ ಹೊಳೆಯಿತು. ಒಬ್ಬನ ಬದಲಿಗೆ ಬಂದ ಇನ್ನೊಬ್ಬ, ಕೆಲಸ ಹೆಚ್ಚಾದಾಗ ಇಲ್ಲೇ ಉಳಿದ. ಅವನ ಬದಲಿಗೆ ಅವನ ದಾಯಾದಿ ಬಂದ, ಅವನೂ ಉಳಿದ. ಬದಲಿ ಬದಲಿ ಎನ್ನುತ್ತ ನನ್ನ ಅಡುಗೆಮನೆಯಲ್ಲಿ ಒಂದೇ ಕುಟುಂಬ ತುಂಬಿಕೊಂಡಿದೆ. ಯಾರಿಗೆ ಜ್ವರ ಬಂದರೂ ಸುಧಾರಿಸುವ ಏರ್ಪಾಡು ಇದು, ಒಂದು ಶುಭಕಾರ್ಯ ಬಂದರೆ ಮಾತ್ರ ಸೌಟು ಹಿಡಿಯಲು ಒಬ್ಬನಿಲ್ಲ. ಸಿಟ್ಟು ನೆತ್ತಿಗೇರಿತು. ಯಾರ ಮೇಲೆ ತೀರಿಸುವುದು? ಮಗಳ ನಿಶ್ಚಿತಾರ್ಥ ಮಾಡುವ ಅಪ್ಪನ ಮೇಲೆಯೇ?

ಸ್ಟೇಷನ್ ರಸ್ತೆಯಲ್ಲಿ ಹೋಟೆಲಿಟ್ಟಿರುವ ನಮ್ಮ ಊರಿನವನೊಬ್ಬನಿಗೆ ಫೋನು ಮಾಡಿ ಒಬ್ಬ ಅಡುಗೆಯವನನ್ನು ಕಳಿಸು ಎಂದೆ. ಅವನು ಬಿದ್ದು ಬಿದ್ದು ನಕ್ಕ. "ನನ್ನವನೂ ಅದೇ ನಿಶ್ಚಿತಾರ್ಥಕ್ಕೆ ಹೊರಟಿದ್ದಾನೆ ಮಾರಾಯ, ನಾನೇ ನಿನ್ನತ್ರ ಕೇಳುವ ಅಂತ ಇದ್ದೆ."

ಪ್ರಾಧ್ಯಾಪಕಿಗೆ ಫೋನು ಮಾಡಿದೆ. ಒಂದು ದಿನ ಮುಂದಕ್ಕೆ ಹಾಕಿ ಎಂದೆ, ಆಗದಿದ್ದರೆ ಸಂಜೆಗೆ ಇಡಿ ಎಂದೆ, ಅಲ್ಲಿ ಓದುವ ಮಕ್ಕಳಿಗೆಲ್ಲ ನನ್ನ ಲೆಕ್ಕದಲ್ಲಿ ಇಡ್ಲಿ ವಡೆ ತರುತ್ತೇನೆ ಎಂದೂ ಹೇಳಿದೆ.

"ಆಗೂದಿಲ್ರಿ, ಪೋಸ್ಟರ್ ಎಲ್ಲಾ ಅಚ್ಚಾಗಿ ಗ್ವಾಡಿಗೆ ಹಚ್ಚ್ಯಾರ. ನಿಮಗ ಆಗದಿದ್ರ ಬದಲಿ ಯಾರನ್ನರ ಕಳಸ್ರಲ್ಲ."

"ಭಾಷಣಕ್ಕೆ ಬದಲಿಯಾ?"

"ನೀವ ಹೇಳಿದ್ರಲ್ರಿ, ಬದಲಿ ಕೊಟ್ರ ಯಾವ ಕೆಲಸನೂ ನಿಲ್ಲೂದಿಲ್ಲ ಅಂತ!"

ಅವರು ನಕ್ಕರು. ನಾನು ನಗಲಿಲ್ಲ.

ಉಳಿದ ದಾರಿ ಹೆಂಡತಿ ತೋರಿಸಿದಳು. "ನೀವು ಕಾವಲಿ ಎದುರು ನಿಲ್ಲಿ, ಇಡ್ಲಿ ಸಾಂಬಾರು ನಾನು ನೋಡ್ತೇನೆ. ಭಾಷಣ ಬರುವ ವರ್ಷ ಮಾಡಿದರಾಯ್ತು."

"ಬರುವ ವರ್ಷ ಯಾರು ಕರೀತಾರೆ?"

"ಕರೆಯದಿದ್ದರೆ ಬೇಡ. ನಮಗೆ ಮನೆಯಲ್ಲಿ ದಿನಾ ಮಾಡ್ತೀರಲ್ಲ, ಸಾಲದಾ?"

ಹೋಟೆಲು ತೆರೆದಿಡಬೇಕಾದರೆ ನಾನು ಕಾವಲಿಯ ಮುಂದೆ ನಿಲ್ಲಬೇಕು, ವೇದಿಕೆ ತಪ್ಪುತ್ತದೆ. ವೇದಿಕೆ ಹತ್ತಬೇಕಾದರೆ ಶಟರ್ ಎಳೆಯಬೇಕು, ಹೇಳಬೇಕೆಂದಿದ್ದ ಮಾತೇ ಸುಳ್ಳಾಗುತ್ತದೆ. ಎಷ್ಟೋ ಚೌಕಾಸಿ ಮಾಡಿದ್ದೇನೆ, ಎರಡು ಕಡೆಯೂ ಒಂದು ಪೈಸೆ ಇಳಿಯದ ವ್ಯಾಪಾರ ಕಂಡಿರಲಿಲ್ಲ.

ಮೂರು ದಿನ ಎಲ್ಲರ ಮೇಲೂ ರೇಗಿ ಕೊನೆಗೆ ಹೋಗುವುದೆಂದು ತೀರ್ಮಾನಿಸಿದೆ. ಕಾವಲಿಯ ಮುಂದೆ ಜೀವಮಾನದಲ್ಲಿ ಬೇಕಾದಷ್ಟು ನಿಂತಿದ್ದೇನೆ. ಆ ವೇದಿಕೆಯ ಮೇಲೆ ಒಂದು ಸಲವಾದರೂ ನಿಲ್ಲಬೇಕು.

ನಿನ್ನೆ ಅಡುಗೆಮನೆಯವರೆಲ್ಲ ಹೊಸ ಅಂಗಿ ಹಾಕಿ ಊರಿನ ಬಸ್ಸು ಹತ್ತಿದರು. ಇವತ್ತು ಇದ್ದ ಹಿಟ್ಟಿನಲ್ಲಿ ನಾನೂ ಹೆಂಡತಿಯೂ ಹೇಗೋ ಮಧ್ಯಾಹ್ನದವರೆಗೆ ಸುಧಾರಿಸಿ, ನಾಳೆ ಹೋಟೆಲು ಬಂದ್ ಎಂದು ಮರಾಠಿಯಲ್ಲಿ ಹಲಗೆ ಬರೆದು ತೂಗುಹಾಕಿದೆವು. ದಿನಾ ಚಹಾಕ್ಕೆ ಬರುವ ಮರಾಠಿ ಮುದುಕರೊಬ್ಬರು ಅದನ್ನು ಓದಿ ಕನ್ನಡಕ ಮೇಲೆತ್ತಿದರು.

"ಕಾಯ್ ಅಣ್ಣಾ, ಸಂಪ್ ಝಾಲಾ ಕಾ?" ಏನಪ್ಪ, ನಿನ್ನಲ್ಲೂ ಮುಷ್ಕರವೋ ಎಂದು.

ಮುಷ್ಕರವಾಗಿದ್ದರೆ ಕೂತು ಮಾತಾಡಿ ಬಗೆಹರಿಸುತ್ತಿದ್ದೆ.

ನಾಳೆ ಬೆಳಗಿನ ಬಸ್ಸಿಗೆ ಸಂಭಾಜಿನಗರ. ಇಸ್ತ್ರಿ ಮಾಡಿದ ಬಿಳಿ ಅಂಗಿ ಕುರ್ಚಿಯ ಮೇಲಿದೆ. ಭಾಷಣದ ಮೊದಲ ವಾಕ್ಯ ಹೊಡೆದುಹಾಕಿದೆ. ಅದನ್ನು ಹೊಡೆದ ಮೇಲೆ ಅದಕ್ಕೆ ಜೋತುಬಿದ್ದಿದ್ದ ಉಳಿದವನ್ನೂ ಹೊಡೆಯಬೇಕಾಯಿತು. ಅಡುಗೆಮನೆಗೆ ಎರಡು ಮೂರು ಊರಿನವರನ್ನು ಸೇರಿಸಿ, ಒಂದೇ ಮನೆಯವರನ್ನು ತುಂಬಬೇಡಿ ಎಂದು ಆ ಮಕ್ಕಳಿಗೆ ಹೇಳಬಹುದು. ಅದಕ್ಕೆ ಎಷ್ಟು ಹೊತ್ತು ಬೇಕು? ಮೂವತ್ತು ನಿಮಿಷ ಪಟ್ಟು ಹಿಡಿದು ತೆಗೆದುಕೊಂಡವನು ನಾನೇ. ಈಗ ಹತ್ತೇ ಸಾಕು ಎಂದು ಪ್ರಾಧ್ಯಾಪಕಿಗೆ ಫೋನು ಮಾಡಲು ಮನಸ್ಸು ಒಪ್ಪುತ್ತಿಲ್ಲ.